ಮಕ್ಕಳೊಂದಿಗೆ ಕೀನ್ಯಾ ಸಫಾರಿ: ಓಲ್ ಪೆಜೆಟಾವೋ, ನಾಬೋಯಿಶೋವೋ?

ಕೀನ್ಯಾದಲ್ಲಿ ಸರ್ಕಾರಿ ಉದ್ಯಾನಗಳಲ್ಲದೆ, ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ ನಡೆಯುವ ಕನ್ಸರ್ವೆನ್ಸಿಗಳೆಂಬ ವನ್ಯಜೀವಿ ರಕ್ಷಣಾ ಪ್ರದೇಶಗಳೂ ಇವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು, ನನ್ನ ಅಭಿಪ್ರಾಯದಲ್ಲಿ, ಪ್ರಾಣಿಗಳ ಸಂಖ್ಯೆಗಿಂತ ಮಕ್ಕಳ ವಯಸ್ಸೇ ತೀರ್ಮಾನಿಸಬೇಕು.

ಚಿಕ್ಕ ಮಕ್ಕಳಿದ್ದರೆ ಲೈಕಿಪಿಯಾದ ಓಲ್ ಪೆಜೆಟಾ ಮೇಲು. ನೈರೋಬಿಯಿಂದ ಸುಮಾರು 200 ಕಿ.ಮೀ. ದೂರದ ನಾನ್ಯುಕಿ ಪಟ್ಟಣದ ಬಳಿಯಿರುವ, ಸುಮಾರು 360 ಚದರ ಕಿ.ಮೀ. ವಿಸ್ತಾರದ ಈ ಪ್ರದೇಶಕ್ಕೆ ಒಳಗೆ ತಂಗದವರಿಗೂ ಪ್ರವೇಶವಿದೆ. ಸ್ವಂತ ವಾಹನದಲ್ಲೇ ಸುತ್ತಬಹುದಾದ್ದರಿಂದ ಮಗು ರಚ್ಚೆ ಹಿಡಿದರೆ ಸಹಪ್ರಯಾಣಿಕರ ಮುಖ ನೋಡಬೇಕಾದ ಮುಜುಗರವಿರುವುದಿಲ್ಲ. ಉತ್ತರದ ಬಿಳಿ ಘೇಂಡಾಮೃಗವೆಂಬ ಉಪಜಾತಿಯಲ್ಲಿ ಕೊನೆಯ ಗಂಡಾದ ಸುಡಾನ್ 2018ರ ಮಾರ್ಚ್‌ನಲ್ಲಿ ಸತ್ತದ್ದು ಇಲ್ಲಿಯೇ. ಅದರ ಮಗಳು ನಾಜಿನ್ ಮತ್ತು ಮೊಮ್ಮಗಳು ಫಾಟು ಕಾವಲಿನ ಆವರಣದಲ್ಲಿವೆ. ಪ್ರತ್ಯೇಕ ಶುಲ್ಕ ಕೊಟ್ಟು ಅವುಗಳನ್ನು ನೋಡಬಹುದು. ಕಳ್ಳಬೇಟೆಯ ಭಯದಿಂದ ಕೊಂಬು ಮೊಟಕುಗೊಳಿಸಿರುವ ಆ ದೈತ್ಯಗಳು ಅಗಲವಾದ ಚಪ್ಪಟೆ ತುಟಿಯನ್ನು ನೆಲಕ್ಕೊತ್ತಿ ಪರಪರನೆ ಹುಲ್ಲು ಕೀಳುವುದನ್ನು ಕಂಡ ಮಗುವಿಗೆ, ಅಳಿವು ಎಂದರೇನೆಂದು ಬೇರೆ ಪಾಠ ಹೇಳಬೇಕಿಲ್ಲ. 1993ರಲ್ಲಿ ಆರಂಭವಾದ ಚಿಂಪಾಂಜಿ ಧಾಮವೂ ಇಲ್ಲಿದೆ. ಆದರೆ ಬೇಲಿ, ಆವರಣ, ನಿಗದಿತ ರಸ್ತೆಗಳಿಂದಾಗಿ ಕೆಲವೆಡೆ ಕಾಡಿನ ಅನುಭವ ತೆಳುವಾಗುತ್ತದೆ.

ಮಕ್ಕಳು ಹದಿಹರೆಯದವರಾಗಿದ್ದರೆ ಮಾಸಾಯಿ ಮಾರಾ ಸರ್ಕಾರಿ ಮೀಸಲು ಪ್ರದೇಶದ ಸಮೀಪದ ನಾಬೋಯಿಶೋಗೆ ಹೋಗುವುದು ಒಳ್ಳೆಯದು. 500ಕ್ಕೂ ಹೆಚ್ಚು ಮಾಸಾಯಿ ಸಮುದಾಯದ ಭೂಮಾಲೀಕರು ಗುತ್ತಿಗೆಗೆ ಕೊಟ್ಟ ಜಮೀನಿನಲ್ಲಿ 2010ರಲ್ಲಿ ಸ್ಥಾಪನೆಯಾದ ಈ ಕನ್ಸರ್ವೆನ್ಸಿಯಲ್ಲಿ ಕ್ಯಾಂಪುಗಳಲ್ಲಿ ತಂಗುವವರಿಗಷ್ಟೇ ಸಫಾರಿ ಲಭ್ಯ. ಹೀಗಾಗಿ ಸಿಂಹವೊಂದರ ಸುತ್ತ ವಾಹನಗಳ ಜಾತ್ರೆ ನೆರೆಯುವುದಿಲ್ಲ. ಬಂಡೀಪುರದಲ್ಲಿ ರಸ್ತೆಯಿಂದಾಚೆ ಇಳಿಯದ ಜೀಪಿಗೆ ಒಗ್ಗಿದವರಿಗೆ, ಹುಲ್ಲುಗಾವಲಿನೊಳಗೇ ಚೀತಾದ ಜಾಡು ಹಿಡಿದು ಸಾಗುವುದು, ರಾತ್ರಿ ಸಫಾರಿ ಹಾಗೂ ಮಾಸಾಯಿ ಮಾರ್ಗದರ್ಶಕರೊಡನೆ ಕಾಲ್ನಡಿಗೆ ನಿಜಕ್ಕೂ ಹೊಸ ಅನುಭವ. ಆದರೆ ಕಾಲ್ನಡಿಗೆಗೆ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. ಕ್ಯಾಂಪುಗಳಿಗೆ ಬೇಲಿಯೂ ಇರುವುದಿಲ್ಲವಾದ್ದರಿಂದ ಕತ್ತಲಾದ ಮೇಲೆ ಊಟದ ಡೇರೆಗೆ ಹೋಗಲೂ ಕಾವಲುಗಾರನೇ ಜೊತೆಗೆ ಬರಬೇಕು. ಖರ್ಚಂತೂ ಓಲ್ ಪೆಜೆಟಾದಲ್ಲಿ ಒಂದು ದಿನ ಸುತ್ತಿ ಬರುವುದಕ್ಕಿಂತ ಬಹಳ ಹೆಚ್ಚು.

ಜುಲೈನಿಂದ ಅಕ್ಟೋಬರ್‌ವರೆಗೆ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಮಾರಾ ನದಿ ದಾಟುವುದನ್ನೇ ನೋಡಬೇಕೆನ್ನುವವರು ನಾಬೋಯಿಶೋದಿಂದ ಸರ್ಕಾರಿ ಮೀಸಲು ಪ್ರದೇಶಕ್ಕೆ ಹೋಗಬೇಕು. ಅದರ ಪ್ರವೇಶ ಶುಲ್ಕ ಬೇರೆ. ವಿಮಾನದಲ್ಲಿ ಹೋಗುವುದಾದರೆ, ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹೊರಡುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ತಲಾ 15 ಕೆ.ಜಿ. ಸಾಮಾನಿಗಷ್ಟೇ ಅವಕಾಶ, ಅದೂ ಮೆತ್ತನೆಯ ಚೀಲದಲ್ಲಿರಬೇಕು. ಎಲ್ಲಿಗೇ ಹೋಗುವುದಾದರೂ, ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಅದು ಊರ್ಜಿತವಾಗುವುದರಿಂದ, ಟಿಕೆಟ್ ಕಾಯ್ದಿರಿಸಿದ ಕೂಡಲೇ ಆ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ.