ಟ್ವೈಲೈಟ್ ಸಿಂಗರ್ಸ್: ಯಾವ ಆಲ್ಬಂ ಮೊದಲು ಕೇಳೋದು?

ಅಮೆರಿಕದ ರಾಕ್ ಬ್ಯಾಂಡ್ ಅಫ್ಘಾನ್ ವಿಗ್ಸ್‌ನ ಗಾಯಕ ಗ್ರೆಗ್ ಡುಲ್ಲಿಗೆ ಸೋಲ್ ಸಂಗೀತದ (ಕಪ್ಪು ಅಮೆರಿಕನ್ನರ ಭಾವತುಂಬಿದ ಹಾಡಿನ ಶೈಲಿ) ಹುಚ್ಚು ಹಳೆಯದು. 1992ರಲ್ಲೇ ಆ ಬ್ಯಾಂಡ್ ಹಳೆ ಸೋಲ್ ಹಾಡುಗಳನ್ನು ತನ್ನ ರೀತಿಯಲ್ಲಿ ಹಾಡಿ ಒಂದು ಇಪಿ (ಆಲ್ಬಂಗಿಂತ ಚಿಕ್ಕ ರೆಕಾರ್ಡ್) ತಂದಿತ್ತು. ಆ ಹುಚ್ಚಿಗೆ ಆಮೇಲೆ ಸಿಕ್ಕ ಬೇರೆ ಮನೆ ಡುಲ್ಲಿಯ ಇನ್ನೊಂದು ಬ್ಯಾಂಡ್, ಟ್ವೈಲೈಟ್ ಸಿಂಗರ್ಸ್.

2000ದಲ್ಲಿ ಬಂದ ಮೊದಲ ಆಲ್ಬಂ ಮೆತ್ತಗಿದೆ. ಇಂಗ್ಲೆಂಡಿನ ಹಲ್ ಊರಿನ ಫಿಲಾ ಬ್ರೆಜಿಲಿಯಾ ಅನ್ನೋ ಎಲೆಕ್ಟ್ರಾನಿಕ್ ಜೋಡಿ ಇದಕ್ಕೆ ಕೈ ಹಾಕಿದ್ದರಿಂದ ಬೀಟ್ ನಿಧಾನವಾಗಿ ಜಾರುತ್ತಾ ಹೋಗುತ್ತದೆ, ಡುಲ್ಲಿಯ ಒರಟು ದನಿ ಪಕ್ಕದಲ್ಲೇ ಇನ್ನೊಬ್ಬ ಗಾಯಕ ಶಾನ್ ಸ್ಮಿತ್ ತೆಳ್ಳಗೆ ಮೇಲೇರಿದಾಗ ಹಳೆ ಸೋಲ್ ರೆಕಾರ್ಡ್ ಹಾಕಿದ ಹಾಗೇ ಅನಿಸುತ್ತದೆ. ಹೆಡ್‌ಫೋನ್ ಬೇಕೇ ಬೇಕು. ಬಸ್ಸಲ್ಲಿ ಕೇಳಿದರೆ ಸುಮ್ನೆ ನಿದ್ದೆ ಬರುತ್ತದೆ, ನನಗೆ ಬಂದಿದೆ.

2003ರ 'ಬ್ಲ್ಯಾಕ್‌ಬೆರಿ ಬೆಲ್' ಹಾಗಲ್ಲ. ಅದರ ಹಿಂದೆ ಡುಲ್ಲಿಯ ಗೆಳೆಯ, ಸಿನಿಮಾ ನಿರ್ದೇಶಕ ಟೆಡ್ ಡೆಮ್ಮಿಯ ಸಾವಿನ ನೋವಿದೆ. ಗಿಟಾರ್ ಜಾಸ್ತಿ, ಕತ್ತಲೆಯೂ ಜಾಸ್ತಿ, ಕೊನೆಯ ಹಾಡಿಗೆ ರಾಕ್ ಗಾಯಕ ಮಾರ್ಕ್ ಲಾನೆಗನ್ ದನಿ ಬಂದಾಗ ಮೈ ಜುಮ್ಮೆನ್ನುತ್ತದೆ.

ರಾಕ್ ಕಡೆಯಿಂದ ಬರುವವರು ಇದನ್ನೇ ಹಿಡಿಯಿರಿ. ಸೋಲ್ ಗಾಯಕ ಮಾರ್ವಿನ್ ಗೇ ಕೇಳಿ ಬೆಳೆದವರಾದರೆ ಮೊದಲನೆಯದು. ನನ್ನ ಓಟು 2003ಕ್ಕೇ, ಆದರೆ ರಾತ್ರಿ ಹನ್ನೊಂದರ ಮೇಲೆ ಕೇಳಿದರೆ ಉತ್ತರ ಬೇರೆ.