ಸೊಂಟದ ಚೀಲವೋ, ಹೊಟ್ಟೆಯೊಳಗಿನ ಸ್ಟೆಂಟೋ: ಎರಡನ್ನೂ ಅನುಭವಿಸಿದವನ ಲೆಕ್ಕ

ಮೇದೋಜೀರಕದ ಬಳಿ ನಿಂತ ನೀರಗಂಟನ್ನು ಖಾಲಿ ಮಾಡಿಸುವ ಎರಡು ದಾರಿಗಳ ಲೆಕ್ಕ ಇದು. ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಟೆಂಟಿನ, ಅಂದರೆ ಒಳಗೇ ಇಡುವ ಪುಟ್ಟ ಕೊಳವೆಯ, ಪಕ್ಷ. ಏಳು ವಾರ ಸೊಂಟಕ್ಕೆ ಚೀಲ ಕಟ್ಟಿಕೊಂಡು ಅಡಿಕೆ ತೋಟ ಸುತ್ತಿದವನಿಂದ ನಿಷ್ಪಕ್ಷಪಾತ ನಿರೀಕ್ಷಿಸಬೇಡಿ.

ಪಿತ್ತಕೋಶದ ಕಲ್ಲು ಜಾರಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. (ಪ್ಯಾಂಕ್ರಿಯಾಸ್ ಅಂದ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ, "ಕುಡೀತಿದ್ರಾ?" ಕಲ್ಲಿನಿಂದಲೂ ಬರುತ್ತದೆ ಮಾರಾಯ್ರೇ, ನಾನು ಕುಡಿಯುವುದು ಕಷಾಯ.) ನೋವು ಇಳಿದರೂ ಆರು ವಾರದ ಹೊತ್ತಿಗೆ ಜಠರದ ಹಿಂದೆ ತೆಂಗಿನಕಾಯಿ ಗಾತ್ರದ ನೀರಗಂಟು ನಿಂತಿತ್ತು. ಸೂಡೋಸಿಸ್ಟ್ ಅನ್ನುತ್ತಾರೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತಿತ್ತು, ಐದನೆಯದು ವಾಂತಿ.

ಅದನ್ನು ಖಾಲಿ ಮಾಡುವ ಎರಡೂ ದಾರಿಗೆ ಕಣ್ಣು ಅಲ್ಟ್ರಾಸೌಂಡೇ. ಎಲ್ಲಿಂದ ನೋಡುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ. ಮೊದಲನೆಯದರಲ್ಲಿ ಬಸುರಿಯರಿಗೆ ಮಾಡುವ ಹಾಗೆ ಹೊಟ್ಟೆಗೆ ಜೆಲ್ ಹಚ್ಚಿ, ಹೊರಗಿನಿಂದ ನೋಡುತ್ತ ಸೂಜಿ ಚುಚ್ಚಿ, ತಂತಿ ಇಳಿಸಿ, ಅದರ ಮೇಲೆ ತುದಿ ಸುರುಳಿಯಾದ ಕೊಳವೆ ಕೂರಿಸುತ್ತಾರೆ. ಅದಕ್ಕೆ ಪಿಗ್‌ಟೇಲ್ ಎಂದು ಹೆಸರು. ನನಗೆ ಹಾಕಿದ್ದು 12 ಫ್ರೆಂಚ್, ಅಂದರೆ 4 ಮಿಲಿಮೀಟರ್ ದಪ್ಪದ್ದು. ಚುಚ್ಚುವ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟಿದ್ದರಿಂದ ಪರದೆಯ ಮೇಲಿನ ಕಪ್ಪು ಗುಂಡಿಗೆ ಬಿಳಿ ಗೆರೆಯೊಂದು ಹೊಕ್ಕಿದ್ದನ್ನು ನಾನೇ ಕಣ್ಣಾರೆ ಕಂಡೆ. ಅಷ್ಟರ ಮಟ್ಟಿಗೆ ಸುಖವಾಗಿಯೇ ಇತ್ತು.

ತೊಂದರೆ ಕೊಟ್ಟಿದ್ದು ಕೊಳವೆಗೂ ಚೀಲಕ್ಕೂ ನಡುವಿನ ಬೆರಳುಗಾತ್ರದ ಪ್ಲಾಸ್ಟಿಕ್ ತಿರುಪು. ತ್ರೀ-ವೇ ಅನ್ನುತ್ತಾರೆ. ಕೊಳವೆ ಕಟ್ಟದಂತೆ ದಿನಕ್ಕೆರಡು ಸಲ ಅದರ ಪಕ್ಕದ ಬಾಯಿಯಿಂದ 10 ಎಂಎಲ್ ಸಲೈನ್ ಒಳಗೆ ಬಿಡಬೇಕು. ತಿರುಪಿನ ಹಿಡಿಗೆ ಬಾಲ ಅನ್ನುತ್ತ ಸಿಸ್ಟರ್ ಸರಿಯಾಗಿಯೇ ಹೇಳಿಕೊಟ್ಟಿದ್ದರು: "ಬಾಲ ಎತ್ತ ಇದೆಯೋ ಅತ್ತ ಬಂದ್, ನೆನಪಿಟ್ಕೊಳ್ಳಿ." ಮೂವತ್ತು ವರ್ಷ ತೋಟದ ಬಾಲ್ ವಾಲ್ವ್ ತಿರುಗಿಸಿದ ಕೈ ಇದು. ಅಲ್ಲಿ ಹಿಡಿ ಪೈಪಿನ ನೇರಕ್ಕಿದ್ದರೆ ನೀರು ಹೋಗುತ್ತದೆ, ಅಡ್ಡ ಇದ್ದರೆ ಬಂದ್. ಇಲ್ಲಿ ಪೂರ್ತಿ ಉಲ್ಟಾ. ಗಂಟಿನ ನೀರು ಚೀಲಕ್ಕೆ ಹೋಗುವಾಗ ಬಾಲ ಪಕ್ಕದ ಬಾಯಿಯ ಕಡೆ, ಅಂದರೆ ಪೈಪಿಗೆ ಅಡ್ಡ, ಇರಬೇಕು.

ಹನ್ನೊಂದನೆಯ ರಾತ್ರಿ ನಿದ್ದೆಗಣ್ಣಲ್ಲಿ ನೋಡಿದೆ, ಬಾಲ ಅಡ್ಡ ಇತ್ತು. ಅಯ್ಯೋ ಮುಚ್ಚಿಹೋಗಿದೆ ಅಂದುಕೊಂಡು ನೇರ ಮಾಡಿ ಮಲಗಿದೆ. ಬೆಳಗ್ಗೆ ಪಂಚೆ, ಹಾಸಿಗೆ ಎರಡೂ ಒದ್ದೆ, ಚೀಲ ಮಾತ್ರ ಖಾಲಿ. ಕೊಳವೆಯ ಸುತ್ತಲಿಂದ ಸೋರಿದ ರಸ ಮಾಂಸ ಜೀರ್ಣಿಸುವ ರಸವಲ್ಲವೇ, ಚರ್ಮವನ್ನೇ ತಿನ್ನತೊಡಗಿತ್ತು. ಅಂಗೈಯಗಲ ಕೆಂಪು, ಸೀಗೆಮುಳ್ಳು ತರಚಿದ ಉರಿ. ಸಂಜೆಗೆ ಚಳಿಜ್ವರ. ಆಮೇಲೆ ನಾಲ್ಕು ದಿನ ಅಡ್ಮಿಟ್, ಇಂಜೆಕ್ಷನ್, ಸುತ್ತಲೂ ಝಿಂಕ್ ಆಕ್ಸೈಡ್ ಮುಲಾಮು. ಮನೆಗೆ ಬಂದ ಮೇಲೆ ಹೆಂಡತಿ ತ್ರೀ-ವೇ ಮುಟ್ಟುವ ಅಧಿಕಾರವನ್ನೇ ನನ್ನಿಂದ ಕಿತ್ತುಕೊಂಡಳು.

ಕಟ್ಟಿದ್ದು ಮೂತ್ರದ ಚೀಲ. ನೋಡಲು ಬಂದ ಪ್ರತಿಯೊಬ್ಬರಿಗೂ "ಮೂತ್ರಕ್ಕೇನೂ ಆಗಿಲ್ಲ" ಅಂತ ವಿವರಿಸಬೇಕಾಯಿತು.

ಏಳನೆಯ ವಾರ ಚೀಲಕ್ಕೆ ಬರುವುದು ಕಡಿಮೆಯಾಯಿತೆಂದು ತೆಗೆದರು. ತಿಂಗಳೊಳಗೆ ಗಂಟು ಮತ್ತೆ ತುಂಬಿತು. ಎಂಆರ್‌ಸಿಪಿ, ಅಂದರೆ ಪಿತ್ತ ಮತ್ತು ಪ್ಯಾಂಕ್ರಿಯಾಸಿನ ನಾಳಗಳನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್, ಮಾಡಿದಾಗ ಕಾರಣ ಸಿಕ್ಕಿತು: ಗಂಟಿಗೂ ಪ್ಯಾಂಕ್ರಿಯಾಸಿನ ಮುಖ್ಯ ನಾಳಕ್ಕೂ ಸಂಪರ್ಕವಿತ್ತು. ಒರತೆ ಇರುವ ಬಾವಿಯನ್ನು ಪಂಪ್ ಹಚ್ಚಿ ಬತ್ತಿಸಲು ಹೋದ ಹಾಗಾಗಿತ್ತು ನಮ್ಮ ಕೆಲಸ.

ಆಗ ಬೆಂಗಳೂರಿಗೆ ಹೋಗಿ ಮಾಡಿಸಿದ್ದು ಎರಡನೆಯ ದಾರಿ, ಇಯುಎಸ್, ಅಂದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಇದರಲ್ಲಿ ಎಂಡೋಸ್ಕೋಪಿನ ತುದಿಯಲ್ಲೇ ಪುಟ್ಟ ಪ್ರೋಬ್ ಇರುತ್ತದೆ. ಬಾಯಿಂದ ಜಠರಕ್ಕಿಳಿಸಿ, ಗೋಡೆಗೆ ಆನಿಸಿ, ಆಚೆ ಬದಿಯ ಗಂಟು ನೋಡುತ್ತಾರೆ. ನಡುವೆ ಹೊಟ್ಟೆಯ ಕೊಬ್ಬಿಲ್ಲ, ಕರುಳಿನ ಗಾಳಿಯಿಲ್ಲ, ಹಾಗಾಗಿ ಚಿತ್ರ ಬಹಳ ಸ್ಪಷ್ಟ. ಡಾಪ್ಲರ್ ಹಾಕಿದರೆ ರಕ್ತನಾಳಗಳು ಬಣ್ಣದಲ್ಲಿ ಕಾಣುತ್ತವೆ, ಅವನ್ನು ತಪ್ಪಿಸಿ ಚುಚ್ಚುತ್ತಾರೆ. 1992ರಲ್ಲೇ ಹ್ಯಾಂಬರ್ಗಿನ ವೈದ್ಯರು ಹೀಗೆ ಮಾಡಿ ವರದಿ ಮಾಡಿದ್ದರಂತೆ. ಜಠರದ ಗೋಡೆಯಲ್ಲಿ ತೂತು ಮಾಡಿ ಸ್ಟೆಂಟ್ ಇಟ್ಟರೆ ಗಂಟಿನ ರಸ ಜಠರಕ್ಕೇ ಬೀಳುತ್ತದೆ. ಅದು ಹೇಗೂ ಕರುಳಿಗೆ ಸೇರಬೇಕಾದ ರಸ ತಾನೆ? ಒರತೆ ಇದ್ದರೆ ಇರಲಿ, ಕಾಲುವೆ ತೋಡಿಕೊಟ್ಟ ಹಾಗಾಯಿತು.

ನನಗೆ ಏನೂ ಗೊತ್ತಾಗಲಿಲ್ಲ, ಪೂರ್ತಿ ಅರಿವಳಿಕೆ. ಎದ್ದಾಗ ಗಂಟಲು ಕೆರೆತ, ಅಷ್ಟೇ. ಮೂರನೆಯ ದಿನ ಮನೆಗೆ.

ಲೋಹದ ಸ್ಟೆಂಟೋ ಪ್ಲಾಸ್ಟಿಕ್ಕೋ ಅಂತ ಕೇಳಿದರು. ಲೋಹದ್ದು ಅಗಲ, ಒಳಗೆ ಸತ್ತ ಅಂಗಾಂಶದ ಕಸ ಇದ್ದವರಿಗೆ ಅದೇ ಒಳ್ಳೆಯದು. ಆದರೆ ಅದೊಂದರ ಬೆಲೆಯೇ ನನ್ನ ಮೊದಲ ಪಿಗ್‌ಟೇಲಿನ ಇಡೀ ಬಿಲ್ಲಿಗಿಂತ ಜಾಸ್ತಿ, ಮೂರ್ನಾಲ್ಕು ವಾರಕ್ಕೆ ತೆಗೆಸಲೇಬೇಕು, ಬಿಟ್ಟರೆ ರಕ್ತಸ್ರಾವದ ಭಯ. ನನ್ನದರಲ್ಲಿ ಬರೀ ನೀರು. ಎರಡು ಪ್ಲಾಸ್ಟಿಕ್ ಸಾಕೆಂದರು, ನಾಳದ ಸಂಪರ್ಕ ಇರುವುದರಿಂದ ಅವು ಒಳಗೇ ಇರಲಿ ಅಂದರು. ಸಾಗರದಿಂದ ಪದೇ ಪದೇ ರೈಲು ಹತ್ತಲಾಗದವನಿಗೆ ಇದಕ್ಕಿಂತ ಇನ್ನೇನು ಬೇಕು?

ಕೊಯ್ದು ಮಾಡುವ ಆಪರೇಷನ್ ಮೂರನೆಯ ದಾರಿ. ಅಮೆರಿಕದಲ್ಲಿ 40 ರೋಗಿಗಳ ಮೇಲೆ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆ ವಾಸ ಅದಕ್ಕೆ 6 ದಿನ, ಇಯುಎಸ್‌ಗೆ 2. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಪಿಗ್‌ಟೇಲ್ ಯಾರಿಗೂ ಬೇಡ ಅಂತಲ್ಲ. ಗಂಟು ಜಠರದಿಂದ ದೂರ ಇದ್ದರೆ, ಗೋಡೆ ಬಲಿಯುವ ಮೊದಲೇ ಕೀವಾದರೆ, ಅರಿವಳಿಕೆ ತಡೆಯದಷ್ಟು ಸೋತಿದ್ದರೆ ಜೀವ ಉಳಿಸುವುದು ಅದೇ. ಕೈಗೆ ಮೊದಲ ದಿನ ಅಗ್ಗವೂ ಹೌದು. ಆದರೆ ಡ್ರೆಸ್ಸಿಂಗ್, ಬಾಡಿಗೆ ಕಾರು, ಮತ್ತೆ ಅಡ್ಮಿಟ್ ಆಗಿದ್ದು ಎಲ್ಲ ಕೂಡಿಸಿದಾಗ ನನಗೆ ಬೆಂಗಳೂರಿನ ಬಿಲ್ಲಿನ ಹತ್ತಿರಕ್ಕೇ ಬಂತು. ಚುಚ್ಚುವ ಮೊದಲೇ ನಾಳದ ಚಿತ್ರ ತೆಗೆಸಿ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪಿತ್ತಕೋಶ ತೆಗೆಸುವುದು ಕೊಯ್ಲು ಮುಗಿದ ಮೇಲೆ. ಸಲೈನಿಗೆ ತಂದಿದ್ದ ಸಿರಿಂಜುಗಳು ಇನ್ನೂ ಎಂಟು ಉಳಿದಿವೆ, ಹೆಂಡತಿ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡಲು ಒಂದು ಒಡೆದಿಟ್ಟುಕೊಂಡಿದ್ದಾಳೆ.