ಡಿವಿಡಿ ಮೈನಸ್ ಆರ್, 2008ರಿಂದ ಇಲ್ಲಿಯ ತನಕ

ಒಮ್ಮೆ ಮಾತ್ರ ಬರೆಯಬಹುದಾದ ಖಾಲಿ ಡಿವಿಡಿಯಲ್ಲಿ ಎರಡು ಬಗೆ: ಮೈನಸ್ ಆರ್, ಪ್ಲಸ್ ಆರ್. ಯಾವುದು ಕೊಳ್ಳಲಿ, ಮೈನಸ್ಸೋ ಪ್ಲಸ್ಸೋ ಅಂತ 2008ರಲ್ಲಿ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಕೆಡಿಸಿಕೊಳ್ಳಬೇಕಾದ ವಿಷಯ ಬೇರೆಯೇ ಇತ್ತು. ಅದು ಗೊತ್ತಾಗಲು 15 ವರ್ಷ ಹಿಡಿಯಿತು.

ಮಗಳ ತೊಟ್ಟಿಲ ಶಾಸ್ತ್ರ ಮುಂಬೈ ಮಾಟುಂಗಾದ ನಮ್ಮ ಮನೆಯಲ್ಲೇ ಆಯಿತು. ಮಿನಿ ಡಿವಿ ಕ್ಯಾಮೆರಾದಲ್ಲಿ ಒಂದು ಕ್ಯಾಸೆಟ್ ಪೂರ್ತಿ ತೆಗೆದೆ. ಕಂಪ್ಯೂಟರಿಗೆ ಇಳಿಸಿದರೆ ಒಂದು ಗಂಟೆಗೆ 13 ಜಿಬಿ! ನಮ್ಮ ಹಾರ್ಡ್ ಡಿಸ್ಕ್ ಇದ್ದದ್ದೇ 80. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಎರಡೂ ಬಗೆಯ ಡಿಸ್ಕ್ ತಂದೆ. ಪ್ಲಸ್ ಆರ್ ನಮ್ಮಲ್ಲಿ ಓಡಿತು, ಧಾರವಾಡದಲ್ಲಿ ಅತ್ತೆಯ ಹಳೇ ಪ್ಲೇಯರ್ ಅದನ್ನು ಒಪ್ಪಲೇ ಇಲ್ಲ. ಪ್ಲಸ್ ಬಂದದ್ದು 2002ರಲ್ಲಿ, ಮೈನಸ್ ಅದಕ್ಕಿಂತ ಐದು ವರ್ಷ ಹಿರಿಯ. ಮೈನಸ್ ಎರಡೂ ಮನೆಯಲ್ಲಿ ಓಡಿತು. ಅಲ್ಲಿಗೆ ತೀರ್ಮಾನ ಆಯಿತು. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಕಡೆ ನೋಡಲೇ ಇಲ್ಲ. ನನ್ನ ಕೈಗೆ ಅಳಿಸುವ ಅವಕಾಶ ಕೊಡಬಾರದು.

ವಿಡಿಯೊ ಕುಗ್ಗಿಸಿ ಬರ್ನ್ ಮಾಡುವುದು, ಅಂದರೆ ಡಿಸ್ಕಿಗೆ ಬರೆಯುವುದು, ರಾತ್ರಿ ಊಟ ಆದ ಮೇಲೆ. 16 ಎಕ್ಸ್ ವೇಗದ ಡ್ರೈವ್ ಇದ್ದರೂ ನಿಧಾನಕ್ಕೆ 8 ಎಕ್ಸ್‌ನಲ್ಲೇ. ಮುಗಿಯುವ ತನಕ ಯಾರೂ ಕಂಪ್ಯೂಟರ್ ಮುಟ್ಟುವ ಹಾಗಿಲ್ಲ, ಮೇಜಿಗೆ ಮೈ ತಾಗಿಸುವ ಹಾಗೂ ಇಲ್ಲ. ಟ್ರೇ ಹೊರಗೆ ಬಂದಾಗ ಡಿಸ್ಕ್ ಉಗುರುಬೆಚ್ಚಗಿರುತ್ತಿತ್ತು. ಅಂಚು ಹಿಡಿದು ಟ್ಯೂಬ್‌ಲೈಟಿಗೆ ಓರೆ ಮಾಡಿದರೆ, ಬರೆದ ಭಾಗದ ಬಣ್ಣ ಬೇರೆ ಕಾಣುತ್ತದೆ. ನನಗೆ ಅದನ್ನು ನೋಡುವುದೇ ಹಬ್ಬ. ಆಮೇಲೆ ಮಗಳ ಫೋಟೊ ಪ್ರಿಂಟ್ ಮಾಡಿದ ಅಂಟು ಲೇಬಲ್. ಗುಳ್ಳೆ ಬರದ ಹಾಗೆ ಹೆಬ್ಬೆರಳಿನಿಂದ ನಡುವಿನಿಂದ ಹೊರಗೆ ನೀವುತ್ತಿದ್ದೆ. ನೋಡಿದವರೆಲ್ಲ ಹೊಗಳಿದ್ದರು.

2023ರ ಜುಲೈ. ಹೊರಗೆ ಮಳೆ, ಮಗಳಿಗೆ ರಜೆ. ತೊಟ್ಟಿಲ ಡಿಸ್ಕ್ ಹಾಕಿದೆವು. 50 ನಿಮಿಷ ಚೆನ್ನಾಗಿಯೇ ಓಡಿತು. ಕೊನೆಗೆ ನಮ್ಮಜ್ಜಿ ತೊಟ್ಟಿಲು ಹಿಡಿದು ಜೋಗುಳ ಶುರು ಮಾಡಿದರು. ಎರಡನೇ ಸಾಲಿಗೆ ಚಿತ್ರ ಚೌಕ ಚೌಕ ಆಗಿ ನಿಂತೇಬಿಟ್ಟಿತು. ಅಜ್ಜಿ ಈಗಿಲ್ಲ. ಕ್ಯಾಸೆಟ್ಟಿಗೆ ಯಾವಾಗಲೋ ಬೂಷ್ಟು ಹಿಡಿದಿತ್ತು.

ಡಿವಿಡಿಯಲ್ಲಿ ಬರವಣಿಗೆ ಒಳಗಿನಿಂದ ಹೊರಗೆ ಸಾಗುತ್ತದೆ. ಅಂದರೆ ತುಂಬಾ ತುಂಬಿಸಿದರೆ ಕೊನೆಯ ನಿಮಿಷಗಳು ಅಂಚಿಗೆ ಬರುತ್ತವೆ. ಬೆರಳು ತಾಗುವುದು, ಗೀರು ಬೀಳುವುದು ಅಲ್ಲೇ ಜಾಸ್ತಿ. ಇನ್ನು ಲೇಬಲ್ಲು. ಕಾಗದ ಮುಂಬೈ ತೇವಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಡಿಸ್ಕನ್ನು ತನ್ನ ಜೊತೆ ಎಳೆಯುತ್ತದೆ. ಬಾಗು ಅಂಚಿನಲ್ಲೇ ಹೆಚ್ಚು. ಓದುವ ಲೇಸರ್ ತಪ್ಪಲು ಅಷ್ಟು ಸಾಕು. ಎರಡೂ ತಪ್ಪು ನನ್ನವೇ, ಪಾಪ ಮೈನಸ್ ಆರ್ ಏನು ಮಾಡೀತು?

ಧಾರವಾಡದ ಪ್ರತಿ ಉಳಿದಿತ್ತು. ಅವತ್ತು ಪ್ರಿಂಟರಿನಲ್ಲಿ ಇಂಕ್ ಮುಗಿದು ಅದಕ್ಕೆ ಲೇಬಲ್ ಹಾಕಿರಲಿಲ್ಲ. ಸುಮ್ನೆ ಮಾರ್ಕರಿನಲ್ಲಿ ‘ತೊಟ್ಟಿಲು’ ಅಂತ ಗೀಚಿ ಕೊಟ್ಟಿದ್ದೆ, ಸ್ವಲ್ಪ ನಾಚಿಕೆಯಿಂದಲೇ. ಅತ್ತೆ ಅದನ್ನು ಬೀರುವಿನಲ್ಲಿ ಸೀರೆಗಳ ನಡುವೆ ನಿಲ್ಲಿಸಿ ಇಟ್ಟಿದ್ದರು. ಜೋಗುಳ ಪೂರ್ತಿ ಓಡಿತು.

ಈಗಲೂ ಮೈನಸ್ ಆರ್ ಕೊಳ್ಳುತ್ತೇನೆ. 4.7 ಜಿಬಿ ಅಂತ ಬರೆದಿದ್ದರೂ 4ಕ್ಕೇ ನಿಲ್ಲಿಸುತ್ತೇನೆ. ಹೆಸರು ಬರೆಯುವುದು ನಡುವಿನ ಪಾರದರ್ಶಕ ಉಂಗುರದ ಮೇಲೆ ಮಾತ್ರ. ಜೋಗುಳಕ್ಕೆ ಮಾತ್ರ ಒಂದು ಎಂ ಡಿಸ್ಕ್ ತಂದೆ. ಬೆಲೆ ಕೇಳಿ ಹೆಂಡತಿ ನನ್ನನ್ನೇ ನೋಡಿದಳು. ಅದರಲ್ಲಿ ಮಾಮೂಲಿ ಡಿಸ್ಕಿನ ಹಾಗೆ ಬರೆಯಲು ಬಣ್ಣದ ಪದರ ಇಲ್ಲ, ಕಲ್ಲಿನಂಥದರ ಮೇಲೆ ಕೊರೆಯುತ್ತದೆ. ಬರೆಯಲು ಅದಕ್ಕೆ ಒಗ್ಗುವ ಡ್ರೈವ್ ಬೇಕು, ಓಡಲು ನಮ್ಮ ಸಾಮಾನ್ಯ ಪ್ಲೇಯರ್ ಸಾಕಾಯಿತು. ಸಾವಿರ ವರ್ಷ ಬಾಳುತ್ತದಂತೆ, ನೋಡೋಣ. ಒಂದು ನಕಲು ಹಾರ್ಡ್ ಡಿಸ್ಕಿನಲ್ಲೂ ಇದೆ.

ಬಾಗಿದ ಡಿಸ್ಕನ್ನು ಎಸೆದಿಲ್ಲ. ಲೇಬಲ್ಲಿನ ಫೋಟೊ ಇನ್ನೂ ಚೆನ್ನಾಗಿದೆ.